ಒಂದು ಕೆರೆ, ಒಂದು ಸೆಮಿಸ್ಟರ್: ಕಾನೂನು ವಿದ್ಯಾರ್ಥಿಗಳಿಗೆ ಸುಸ್ಥಿರತೆ ಕಲಿಸುವುದು ಹೇಗೆ

ಕಾನೂನು ಕಾಲೇಜಿನಲ್ಲಿ ಪರಿಸರ ಕಾನೂನು ಕಡ್ಡಾಯ ವಿಷಯ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲೇ ಅದು ಇದೆ. ಹಾಗಾಗಿ ಪಾಠವೇನೋ ನಡೆಯುತ್ತದೆ. ಕೋಲಾರದ ಕಡೆ ಯಾವ ಕಾಲೇಜಿಗೆ ಹೋಗಿ ಕೇಳಿದರೂ, ಮಾಲಿನ್ಯ ಮಾಡಿದವರೇ ಅದರ ಖರ್ಚು ಹೊರಬೇಕು ಎಂದ 1996ರ ವೆಲ್ಲೂರು ತೀರ್ಪನ್ನು ಮಕ್ಕಳು ಚೆನ್ನಾಗಿ ಹೇಳುತ್ತಾರೆ. ಪರಿಸರ ಕಾಪಾಡುವುದು ಸರ್ಕಾರದ ಮತ್ತು ನಾಗರಿಕರ ಕರ್ತವ್ಯ ಅನ್ನುವ ಸಂವಿಧಾನದ 48ಎ, 51ಎ(ಜಿ) ಕೂಡ ಬಾಯಲ್ಲೇ ಇರುತ್ತದೆ. ಆದರೆ ಅವರದೇ ಊರಿನ ಕೆರೆಯ ಸರ್ವೆ ನಂಬರ್ ಎಷ್ಟು, ಅದು ಯಾವ ಇಲಾಖೆಯ ಕೈಯಲ್ಲಿದೆ ಅಂತ ಕೇಳಿದರೆ ಉತ್ತರ ಬರುವುದು ಕಡಿಮೆ.

ವಕೀಲರಾದ ಮೇಲೆ ಇವರ ಮುಂದೆ ಬಂದು ಕೂರುವವರು ಇದನ್ನೇ ಕೇಳುತ್ತಾರೆ. ರಾಜಕಾಲುವೆ ಮುಚ್ಚಿದ್ದಾರೆ, ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾಗಿದೆ, ಕಂಪನಿಯವರು ಜಮೀನು ಗುತ್ತಿಗೆಗೆ ಕೇಳುತ್ತಿದ್ದಾರೆ, ಸಹಿ ಹಾಕಲಾ ಬೇಡವಾ ಅಂತ. ಇದಕ್ಕೆ ಸಿದ್ಧಾಂತದ ಜೊತೆ ಕೈಗೆ ಪಳಗಿದ ಕೆಲಸವೂ ಬೇಕು. ದಾಖಲೆ ಓದಲು, ನೀರಿನ ವರದಿ ಓದಲು, ಅರ್ಜಿ ಬರೆಯಲು, ಊರಿನವರ ಮಾತು ಕೇಳಲು, ಮುಂದಿನ ತಲೆಮಾರನ್ನು ಮನಸ್ಸಲ್ಲಿಟ್ಟುಕೊಂಡು ಕರಾರು ಬರೆಯಲು ಬರಬೇಕು. ಇಷ್ಟನ್ನೂ ಕಲಿಸಲು ನಾನು ಕಂಡ ಅತಿ ಸುಲಭ ದಾರಿ ಒಂದೇ: ಇಡೀ ಸೆಮಿಸ್ಟರ್‌ಗೆ ಒಂದು ಕೆರೆ ಹಿಡಿದುಕೊಳ್ಳಿ. ಹತ್ತು ವಿಷಯ ಮುಟ್ಟಬೇಡಿ. ಒಂದೇ ಕೆರೆಯಲ್ಲಿ ಕಂದಾಯ ಕಾನೂನು, ಪಂಚಾಯತ್ ಕಾನೂನು, ಮಾಹಿತಿ ಹಕ್ಕು, ಜಲ ಕಾಯ್ದೆ, ಸಂವಿಧಾನ ಎಲ್ಲವೂ ಬಂದು ಹೋಗುತ್ತವೆ. ಕೆರೆಗಳ ಜಿಲ್ಲೆ ಅಂತಲೇ ಹೆಸರಾದ ಕೋಲಾರದಲ್ಲಿ ಕೆರೆ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ.

1. ಕೆರೆ ಆರಿಸುವುದು

ಕಾಲೇಜಿನಿಂದ ಒಂದೇ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಇರಲಿ. ಈಗಾಗಲೇ ಜಗಳ, ಕೇಸು ಅಂತ ಊರು ಎರಡಾಗಿರುವ ಕೆರೆ ಬೇಡ. ಮಕ್ಕಳು ಯಾರ ಪರ ಬಂದಿದ್ದಾರೆ ಅನ್ನುವ ಅನುಮಾನದಲ್ಲೇ ಸೆಮಿಸ್ಟರ್ ಮುಗಿದುಹೋಗುತ್ತದೆ. ಹೋಗುವ ಮೊದಲು ಗ್ರಾಮ ಪಂಚಾಯಿತಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಂಡು ಮಾತಾಡಿ.

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಹುಡುಕುವುದು ಮಕ್ಕಳ ಮೊದಲ ಹೋಂವರ್ಕ್ ಆಗಲಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಗೆ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಕೆರೆಯ ನೆಲದ ದಾಖಲೆ ಮಾತ್ರ ಕಂದಾಯ ಇಲಾಖೆಯಲ್ಲಿ. ಕೆರೆಗೆ ಕೊಳಚೆ ಬರುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿ ಬೇರೆ. ಒಂದು ಕೆರೆಗೆ ಇಷ್ಟು ಬಾಗಿಲು. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು ಅನ್ನುವುದೇ ವಕೀಲಿಯ ಅರ್ಧ ವಿದ್ಯೆ.

2. ಕಾಗದ ಓದುವುದು

ಇದಕ್ಕೆ ಜಾಸ್ತಿ ಸಮಯ ಕೊಡಿ. ಕೆರೆ ನೋಡುವ ಮೊದಲು ಕೆರೆಯ ಕಾಗದ ನೋಡಬೇಕು.

ಕೆರೆಯ ಸರ್ವೆ ನಂಬರ್ ಮತ್ತು ಅದಕ್ಕೆ ಅಂಟಿಕೊಂಡಿರುವ ಎಲ್ಲ ಸರ್ವೆ ನಂಬರ್‌ಗಳ ಪಹಣಿ ತೆಗೆಸಿ. ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಅದು ದಾರಿ ತೋರಿಸಲು ಸಾಕು, ಸಾಕ್ಷಿಯಾಗಿ ಮುಂದಿಡಲು ಸಾಲದು. ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ಮೂಲ ದಾಖಲೆ) ಮತ್ತು ಟಿಪ್ಪಣಿ (ಸರ್ವೆಯವರ ಅಳತೆ ನಕ್ಷೆ) ನಕಲಿಗೆ ತಾಲ್ಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಅರ್ಜಿ ಹಾಕಿಸಿ. ಅರ್ಜಿಯನ್ನು ಮಕ್ಕಳೇ ಬರೆದು, ಮಕ್ಕಳೇ ಕೌಂಟರ್ ಮುಂದೆ ನಿಲ್ಲಲಿ. ಯಾವ ಟೇಬಲ್ಲಿನಲ್ಲಿ ಏನು ಸಿಗುತ್ತದೆ ಅನ್ನುವುದನ್ನು ಪುಸ್ತಕ ಹೇಳಿಕೊಡುವುದಿಲ್ಲ, ಅಲ್ವಾ?

ಈಗ ತರಗತಿಯಲ್ಲಿ ಪಹಣಿಯನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು ಅಂಕಣದಿಂದ ಅಂಕಣಕ್ಕೆ ಓದಿಸಿ. 3ನೇ ಅಂಕಣದಲ್ಲಿ ಒಟ್ಟು ವಿಸ್ತೀರ್ಣ, ಅದರ ಕೆಳಗೆ ಖರಾಬು ಇರುತ್ತದೆ. ಎ ಖರಾಬು ಅಂದರೆ ಬಂಡೆ, ದಿಣ್ಣೆ ಇತ್ಯಾದಿ ಸಾಗುವಳಿಗೆ ಬಾರದ ನೆಲ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಕೆರೆಗೆಂದು ಸಾರ್ವಜನಿಕರಿಗಾಗಿ ಬಿಟ್ಟ ನೆಲ. ಖಾಸಗಿ ಜಮೀನಿನ ಪಹಣಿಯಲ್ಲಿ ನಾಲ್ಕು ಗುಂಟೆ ಬಿ ಖರಾಬು ಕಂಡರೆ ಅಲ್ಲಿ ಕೆರೆಗೆ ನೀರು ತರುವ ಒಂದು ಪೋಷಕ ಕಾಲುವೆ ಹಾದು ಹೋಗಿರಬಹುದು. ಗ್ರಾಮ ನಕ್ಷೆಯಲ್ಲಿ ಆ ಕಾಲುವೆಯ ಗೆರೆ ಇದೆಯಾ ಅಂತ ನೋಡಲಿ. ಕೆರೆ ಒಣಗಲು ಕಾರಣ ಎಷ್ಟೋ ಸಲ ಕೆರೆಯಲ್ಲಿ ಇರುವುದಿಲ್ಲ, ಮೇಲೆ ಎಲ್ಲೋ ಮುಚ್ಚಿಹೋದ ಇಂಥ ನಾಲ್ಕು ಗುಂಟೆಯಲ್ಲಿರುತ್ತದೆ. 9ನೇ ಅಂಕಣದಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ. ಕೆರೆಯ ಪಹಣಿಯಲ್ಲಿ 9ರಲ್ಲಿ ಸರ್ಕಾರಿ ಕೆರೆ ಅಂತ ಇದ್ದು, 11ರಲ್ಲಿ ಯಾವುದೋ ಆದೇಶದ ನಂಬರ್ ಇದ್ದರೆ, ಆ ಆದೇಶವನ್ನು ಹುಡುಕಬೇಕು.

ನಂತರ ಲೆಕ್ಕ. ಆಕಾರ್‌ಬಂದ್‌ನಲ್ಲಿ ಕೆರೆ 42 ಎಕರೆ 10 ಗುಂಟೆ, ಇವತ್ತಿನ ಪಹಣಿಯಲ್ಲಿ 38 ಎಕರೆ 25 ಗುಂಟೆ ಅಂತಿದೆ ಎಂದುಕೊಳ್ಳಿ. ವ್ಯತ್ಯಾಸ ಎಷ್ಟು ಅಂತ ಕೇಳಿ. ಕ್ಯಾಲ್ಕುಲೇಟರ್ ಒತ್ತಿದವರು 3.85 ಅನ್ನುತ್ತಾರೆ. ಎಕರೆಗೆ 40 ಗುಂಟೆ ಅಂತ ಗೊತ್ತಿದ್ದವರು 3 ಎಕರೆ 25 ಗುಂಟೆ ಅನ್ನುತ್ತಾರೆ. ಅರ್ಜಿಯಲ್ಲಿ 3.85 ಅಂತ ಬರೆದರೆ ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ, ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಿ. ವ್ಯತ್ಯಾಸ ಕಂಡ ತಕ್ಷಣ ಒತ್ತುವರಿ ಅನ್ನಬಾರದು. ಮಧ್ಯೆ ರಸ್ತೆಗೆ ಹೋಗಿರಬಹುದು, ಕಾನೂನುಬದ್ಧವಾಗಿ ಮಂಜೂರಾಗಿರಬಹುದು, ಬರೆಯುವಾಗಲೇ ತಪ್ಪಾಗಿರಬಹುದು. ಅಳತೆ ಆಗುವವರೆಗೆ ಅದು ಬರೀ ವ್ಯತ್ಯಾಸ. ವಿದ್ಯಾರ್ಥಿಯ ಟಿಪ್ಪಣಿಯಲ್ಲೂ ಅದೇ ಪದ ಇರಲಿ.

3. ಕೆರೆ ಸುತ್ತುವುದು

ಸಾಧ್ಯವಾದರೆ ಎರಡು ಸಲ ಹೋಗಿ: ಮಳೆಗೆ ಮೊದಲು ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಕೆರೆ ತುಂಬಿಸುವುದು. ಸೆಮಿಸ್ಟರ್ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ.

ಎಲ್ಲರೂ ಏರಿಯ ಮೇಲಿಂದ ಶುರು ಮಾಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಫೋಟೋ ಸಿಗುತ್ತದೆ. ನೀವು ಪೋಷಕ ಕಾಲುವೆಯ ತಲೆಯಿಂದ ಶುರು ಮಾಡಿ. ನೀರು ಬರುವ ದಾರಿಯಲ್ಲೇ ಗ್ರಾಮ ನಕ್ಷೆ ಹಿಡಿದು ಇಳಿಯುತ್ತಾ ಬನ್ನಿ. ಎಲ್ಲಿ ಕಾಲುವೆ ಸಣ್ಣದಾಯಿತು, ಎಲ್ಲಿ ಪೈಪ್ ಹಾಕಿದ್ದಾರೆ, ಎಲ್ಲಿ ಕಲ್ಲುಪುಡಿ, ಕಟ್ಟಡದ ಅವಶೇಷ ಸುರಿದಿದ್ದಾರೆ, ಗುರುತು ಹಾಕಿಕೊಳ್ಳಲಿ. ಆಮೇಲೆ ಕೆರೆ ಅಂಗಳ, ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ. ಕೋಡಿಯಿಂದ ಹೊರಟ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ ಅಂತಲೂ ಕೇಳಲಿ. ನಮ್ಮ ಕೆರೆಗಳು ಸರಪಳಿ. ಮೇಲಿನ ಊರಿನವರು ಕೋಡಿ ಎತ್ತರಿಸಿದರೆ ಕೆಳಗಿನ ಊರಿಗೆ ನೀರಿಲ್ಲ. ಇದು ಹಕ್ಕಿನ ಪ್ರಶ್ನೆ ಅಂತ ಮಕ್ಕಳಿಗೆ ಅಲ್ಲಿ ನಿಂತಾಗ ತಾನಾಗಿಯೇ ಹೊಳೆಯುತ್ತದೆ.

ಊರಿನಲ್ಲಿ ನೀರುಗಂಟಿ ಕೆಲಸ ಮಾಡಿದ ಮನೆತನ ಇದ್ದರೆ ಅವರನ್ನು ಮೊದಲು ಮಾತಾಡಿಸಿ. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು ಅನ್ನುವ ನಿಯಮ ಅವರ ನೆನಪಲ್ಲಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳಲ್ಲಿ ಮನೆಮಾತು ತೆಲುಗು, ಹಾಗಾಗಿ ಪ್ರತಿ ತಂಡದಲ್ಲೂ ತೆಲುಗು ಬರುವ ಒಬ್ಬರು ಇರಲಿ. ಹೋದವರು ಮೊದಲೇ "ಒತ್ತುವರಿ ಯಾರು ಮಾಡಿದ್ದಾರೆ?" ಅಂತ ಕೇಳಿದರೆ ಬಾಯಿ ಮುಚ್ಚಿಹೋಗುತ್ತದೆ. "ತಾತ, ಕೆರೆ ಕೋಡಿ ಹೋಗಿದ್ದು ಯಾವ ವರ್ಷ?" ಅಂತ ಕೇಳಿದರೆ ಅರ್ಧ ಗಂಟೆ ಮಾತು ಸಿಗುತ್ತದೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ, ಬೇಸಿಗೆಯಲ್ಲಿ ಏನು ಮಾಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿಲ್ಲ. ಕುರಿ ಮೇಯಿಸುವವರು, ಮೀನು ಹಿಡಿಯುವವರು ಕೂಡ ಪಟ್ಟಿಯಲ್ಲಿರಲಿ.

ಕೆರೆ ಅಂಗಳದಲ್ಲಿ ಸಾಗುವಳಿ ಮಾಡುತ್ತಿರುವವರಲ್ಲಿ ತುಂಡು ಭೂಮಿಯೂ ಇಲ್ಲದ, ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ಬಗರ್‌ಹುಕುಂ ಅರ್ಜಿ ಹಾಕಿಕೊಂಡು ಕಾಯುತ್ತಿರುವ ಬಡವರೂ ಇರುತ್ತಾರೆ. ಅವರ ಮುಖದ ಫೋಟೋ ತೆಗೆಯಬೇಡಿ, ವರದಿಯಲ್ಲಿ ಹೆಸರು ಹಾಕಬೇಡಿ. ಯಾರ ಜೊತೆಗೂ ವಾದಕ್ಕೆ ನಿಲ್ಲಬೇಡಿ. ಮಕ್ಕಳು ನೀರಿಗೆ ಇಳಿಯಲೇಬಾರದು. ಹೂಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ.

4. ನೀರಿನ ವರದಿ ಓದುವುದು

ವಕೀಲರಿಗೆ ರಸಾಯನಶಾಸ್ತ್ರ ಬೇಡ, ಆದರೆ ಲ್ಯಾಬ್ ವರದಿ ಓದಲು ಬರಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಅದರಲ್ಲಿ ಮೂರು ಸಾಲು ಸಾಕು: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ, ನೈಟ್ರೇಟ್ 45, ಕರಗಿದ ಒಟ್ಟು ಘನವಸ್ತು 500, ಬೇರೆ ಮೂಲ ಇಲ್ಲದಿದ್ದರೆ 2000. ಪಾವಗಡದಿಂದ ಬಾಗೇಪಲ್ಲಿ, ಮುಳಬಾಗಿಲುವರೆಗೆ ಫ್ಲೋರೈಡ್ ಹಳೆಯ ನೋವು. ಅಂಕಿ ನೋಡುವ ಮೊದಲು ನಾಲ್ಕು ವಿಷಯ ನೋಡಿಸಿ: ಮಾದರಿ ಎಲ್ಲಿಂದ ತೆಗೆದರು, ಯಾವತ್ತು, ಯಾರು ತೆಗೆದರು, ಲ್ಯಾಬಿಗೆ ಮಾನ್ಯತೆ ಇದೆಯಾ. ಇದರಲ್ಲಿ ಒಂದು ಇಲ್ಲದಿದ್ದರೂ ವರದಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ನಿಮ್ಮ ಕೆರೆ ಕೆಸಿ ವ್ಯಾಲಿ ಯೋಜನೆಯ ಕೆರೆಯಾಗಿದ್ದರೆ ಇದೇ ಇಡೀ ಕೋರ್ಸಿನ ಹೃದಯ ಅಂದುಕೊಳ್ಳಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಯೋಜನೆ ಇದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಉದ್ದೇಶ ಅಂತರ್ಜಲ ತುಂಬಿಸುವುದು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬತ್ತಿದ ಬೋರ್‌ವೆಲ್‌ಗೆ ನೀರು ಬಂತು ಅನ್ನುವ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಈ ನೀರು ಬೇಡ ಅನ್ನುವ ರೈತರೂ ಇದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ. ಚಿಕ್ಕಬಳ್ಳಾಪುರದ ಕಾಲೇಜುಗಳಿಗೆ ಹೆಬ್ಬಾಳ-ನಾಗವಾರ ಕಣಿವೆಯ ನೀರು ಬರುವ ಕಂದವಾರ ಕೆರೆ ಇದೆ.

ಅಣಕು ನ್ಯಾಯಾಲಯಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು. ಅರ್ಧ ತರಗತಿ ಯೋಜನೆಯ ಪರ, ಅರ್ಧ ತರಗತಿ ವಿರುದ್ಧ. ಮುಂದಿನ ವಾರ ಬದಲಾಯಿಸಿ. ಕೇಳಬೇಕಾದ ಮುಖ್ಯ ಕಾನೂನು ಪ್ರಶ್ನೆ ಒಂದು: ಈ ನೀರನ್ನು ಯಾವ ಮಾನದಂಡದಿಂದ ಅಳೆಯಬೇಕು? ಕೆರೆಗೆ ಬಿಡುವ ಸಂಸ್ಕರಿತ ನೀರಿಗೆ ಕುಡಿಯುವ ನೀರಿನ ಮಾನದಂಡ ಹಚ್ಚಿದರೆ ವಾದ ಬೀಳುತ್ತದೆ. ಆದರೆ ಪಕ್ಕದ ಬೋರ್‌ವೆಲ್‌ನಿಂದ ಊರು ಕುಡಿಯುತ್ತಿದ್ದರೆ, ಆ ಬೋರ್‌ವೆಲ್‌ಗೆ ಅದೇ ಮಾನದಂಡ ಬೇಕು. ಈ ವ್ಯತ್ಯಾಸ ತಾನಾಗಿ ಕಂಡುಕೊಂಡ ವಿದ್ಯಾರ್ಥಿಗೆ ಪರಿಸರ ಕಾನೂನು ಅರ್ಥವಾಗಿದೆ ಅಂತ ಧೈರ್ಯವಾಗಿ ಹೇಳಬಹುದು.

5. ಮಾಹಿತಿ ಹಕ್ಕು ಅರ್ಜಿ

ಮೊದಲು ಇಲಾಖೆ ತಾನೇ ಪ್ರಕಟಿಸಿರುವುದನ್ನು ನೋಡಲಿ. ಅಲ್ಲಿ ಇಲ್ಲದ್ದಕ್ಕೆ ಮಾತ್ರ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಈ 150 ಪದದ ಮಿತಿ ಬರವಣಿಗೆ ಕಲಿಸಲು ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲ ಕರಡಿನಲ್ಲಿ ಮಕ್ಕಳು ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: "ಕೆರೆ ಯಾಕೆ ಹಾಳಾಗಿದೆ? ಅಧಿಕಾರಿಗಳು ಯಾಕೆ ಕ್ರಮ ತೆಗೆದುಕೊಂಡಿಲ್ಲ?" ಯಾಕೆ ಅನ್ನುವುದಕ್ಕೆ ಉತ್ತರ ಕಡತದಲ್ಲಿ ಇರುವುದಿಲ್ಲ. ಕಡತದಲ್ಲಿ ಇರುವುದನ್ನು ಕೇಳಬೇಕು. ತಿದ್ದಿದ ಮೇಲೆ ಹೀಗೆ ಬರಬೇಕು: "ಸದರಿ ಗ್ರಾಮದ ಸರ್ವೆ ನಂಬರ್ ಇಷ್ಟರ ಕೆರೆಗೆ 1-4-2020ರಿಂದ ಈವರೆಗೆ ಅಳತೆ ಕಾರ್ಯ ನಡೆದಿದ್ದಲ್ಲಿ, ಅಳತೆ ನಕ್ಷೆ ಮತ್ತು ವರದಿಯ ದೃಢೀಕೃತ ನಕಲು ಒದಗಿಸುವುದು. ಸದರಿ ಕೆರೆಗೆ ಸಂಬಂಧಿಸಿದಂತೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 104ರ ಅಡಿ ಪ್ರಕರಣ ದಾಖಲಾಗಿದ್ದಲ್ಲಿ, ಪ್ರಕರಣ ಸಂಖ್ಯೆ ಮತ್ತು ಆದೇಶದ ನಕಲು ಒದಗಿಸುವುದು." ಕಚೇರಿಯ ಭಾಷೆಯಲ್ಲಿ ಕೇಳಿದರೆ ಕಚೇರಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ.

ಅರ್ಜಿ ಕಾಲೇಜಿನ ಹೆಸರಲ್ಲಿ ಬೇಡ. ಈ ಹಕ್ಕು ಇರುವುದು ನಾಗರಿಕರಿಗೆ, ಹಾಗಾಗಿ ವಿದ್ಯಾರ್ಥಿಯೇ ತನ್ನ ಹೆಸರಲ್ಲಿ ಹಾಕಲಿ. ತಪ್ಪು ಕಚೇರಿಗೆ ಹೋದರೆ 5 ದಿನದಲ್ಲಿ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ. ಉತ್ತರಕ್ಕೆ 30 ದಿನ. ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, 30 ದಿನದೊಳಗೆ ಮೊದಲ ಮೇಲ್ಮನವಿ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ತಾರೀಖು ಬರೆದಿಡುವ ಒಂದು ರಿಜಿಸ್ಟರ್ ತರಗತಿಯಲ್ಲೇ ಇರಲಿ.

6. ಯಾವ ಬಾಗಿಲು, ಯಾವಾಗ

ಕೈಯಲ್ಲಿ ಕಾಗದ ಬಂದ ಮೇಲೆ ಮಕ್ಕಳಿಗೆ ನೇರ ಹೈಕೋರ್ಟಿಗೆ ಹೋಗುವ ಆಸೆ. ತಡೆಯಿರಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 67ರ ಪ್ರಕಾರ, ಬೇರೆಯವರ ಸ್ವತ್ತು ಅಲ್ಲದ ಕೆರೆ, ಹಳ್ಳ ಸರ್ಕಾರದ್ದು. ಕಲಂ 104 ಅಕ್ರಮ ಸ್ವಾಧೀನ ತೆರವಿಗೆ. ಮೊದಲ ಮನವಿ ತಹಶೀಲ್ದಾರರಿಗೆ, ಪ್ರತಿ ಪಂಚಾಯಿತಿಗೆ. ಕೆರೆಗಳಿಗೆಂದೇ 2014ರ ಪ್ರತ್ಯೇಕ ಪ್ರಾಧಿಕಾರ ಕಾಯ್ದೆಯೂ ಇದೆ. ಕುಡಿಯುವ ನೀರಿನ ಸರಬರಾಜು, ನೈರ್ಮಲ್ಯದ ತೊಂದರೆ ಆದರೆ ಖಾಯಂ ಜನತಾ ನ್ಯಾಯಾಲಯದ ದಾರಿ ಇದೆ. ಇದನ್ನು ಪಾಠದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ, ಬಡವರಿಗೆ ಇದೇ ಹತ್ತಿರದ ದಾರಿ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ವಕೀಲರಿಲ್ಲದೆ ಕಕ್ಷಿದಾರರೇ ವಾದಿಸಬಹುದು. ಆದರೆ 2010ರ ಕಾಯ್ದೆಯ ಕಲಂ 14ರ ಅರ್ಜಿಗೆ ದಾವೆಯ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು ಮಾತ್ರ, ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ. ಪರಿಹಾರ, ಪುನರುಜ್ಜೀವನ ಕೇಳುವ ಕಲಂ 15ಕ್ಕೆ 5 ವರ್ಷ. ಎಷ್ಟೋ ಒಳ್ಳೆಯ ಕೇಸುಗಳು ಈ ಅವಧಿ ಮೀರಿ ಬಿದ್ದುಹೋಗುತ್ತವೆ.

ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಎರಡನ್ನು ಪೂರ್ತಿ ಓದಿಸಿ: 2001ರ ಹಿಂಚ್ ಲಾಲ್ ತಿವಾರಿ, 2011ರ ಜಗಪಾಲ್ ಸಿಂಗ್. ಎರಡೂ ಕೆರೆ, ಕುಂಟೆ, ಊರಿನ ಸಾಮೂಹಿಕ ಭೂಮಿ ಉಳಿಸುವ ಬಗ್ಗೆ. ಜಗಪಾಲ್ ಸಿಂಗ್ ತೀರ್ಪಿನ ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿಸಿ. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರದ ಅಧಿಸೂಚನೆಯಡಿ ಕೊಟ್ಟ ಜಾಗ, ಈಗಾಗಲೇ ಶಾಲೆ, ಆಸ್ಪತ್ರೆ ಇರುವ ಜಾಗಗಳಿಗೆ ನ್ಯಾಯಾಲಯ ಅಲ್ಲಿ ವಿನಾಯಿತಿಯ ಅವಕಾಶ ಇಟ್ಟಿದೆ. ತೆರವು ಮಾಡಿ ಅನ್ನುವ ಸಾಲು ಎಲ್ಲರೂ ಉಲ್ಲೇಖಿಸುತ್ತಾರೆ, ಈ ಸಾಲು ಬಿಟ್ಟುಬಿಡುತ್ತಾರೆ. ಕೆರೆ ಉಳಿಯಬೇಕು, ಅದರ ಭಾರವನ್ನೆಲ್ಲ ಊರಿನ ಅತ್ಯಂತ ಬಡವರ ತಲೆ ಮೇಲೆ ಹೊರಿಸಲೂ ಬಾರದು. ಈ ಎರಡನ್ನೂ ಹಿಡಿದುಕೊಂಡು ಅರ್ಜಿ ಬರೆಯುವುದೇ ಸುಸ್ಥಿರತೆಯ ನಿಜವಾದ ಪರೀಕ್ಷೆ ಅಂತ ನನ್ನ ನಂಬಿಕೆ.

7. ಕರಾರು ಬರೆಯುವುದು

ಹೆಚ್ಚಿನ ವಕೀಲರ ಹೊಟ್ಟೆಪಾಡು ನಡೆಯುವುದು ಪತ್ರ, ಕರಾರುಗಳಿಂದ. ಆದ್ದರಿಂದ ಎರಡು ವಾರ ಕೆರೆ ಬಿಟ್ಟು ಪಾವಗಡಕ್ಕೆ ಬನ್ನಿ. ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್ 2050 ಮೆಗಾವಾಟ್, ಸುಮಾರು 13,000 ಎಕರೆ. ರೈತರಿಂದ ಜಮೀನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ.

ಹೆಚ್ಚಳ ಕೂಡುತ್ತಾ ಹೋದರೆ ಕೊನೆಯ ಎರಡು ವರ್ಷದಲ್ಲಿ ಎಕರೆಗೆ ಸಿಗುವುದು ಸುಮಾರು 39,600. ಅಷ್ಟು ಹೊತ್ತಿಗೆ ಬೆಲೆಗಳು ಎಲ್ಲಿರುತ್ತವೆ ಅಂತ ಮಕ್ಕಳೇ ಲೆಕ್ಕ ಹಾಕಲಿ. ಗುತ್ತಿಗೆ ಮುಗಿದಾಗ ಕಾಂಕ್ರೀಟ್ ಕಂಬದ ಬುಡ ಯಾರು ಕೀಳಬೇಕು? ಹದ್ದುಬಸ್ತು ಕಲ್ಲು ಯಾರು ಮತ್ತೆ ನೆಡಬೇಕು? ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ, ಸ್ವಂತ ಜಮೀನಿಲ್ಲದವರಿಗೆ ಏನು? ಹಳೆಯ ಪ್ಯಾನೆಲ್ಲುಗಳು 2022ರ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ, ಆ ಹೊಣೆ ಕರಾರಿನಲ್ಲಿ ಯಾರದು ಅಂತ ಬರೆಯಬೇಕು? ಪ್ರತಿ ಪ್ರಶ್ನೆಗೆ ಒಂದು ಷರತ್ತನ್ನು ಕನ್ನಡದಲ್ಲೇ, ರೈತರಿಗೆ ಓದಿದರೆ ಅರ್ಥವಾಗುವ ಹಾಗೆ ಬರೆಸಿ.

ಕರಾರು ಎಷ್ಟು ದೂರ ಕೈ ಚಾಚುತ್ತದೆ ಅನ್ನುವುದಕ್ಕೆ ನಮ್ಮ ಬಯಲುಸೀಮೆಯಲ್ಲೇ ಸಾಕ್ಷಿ ಇದೆ. 1892ರಲ್ಲಿ ಮದ್ರಾಸ್ ಮತ್ತು ಮೈಸೂರು ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್, ಪೆನ್ನಾರ್ ಎರಡೂ ಇವೆ. ಆ ನದಿಗಳ ಮೇಲೆ ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಅಂತ ಬರೆದುಕೊಂಡರು. ಈ ಕಾಗದವನ್ನು ಪಾವಗಡದ ಗುತ್ತಿಗೆಯ ಪಕ್ಕ ಇಟ್ಟು ಓದಿಸಿ.

8. ಊರಿಗೆ ವಾಪಸ್ ಕೊಡುವುದು, ಅಂಕ ಕೊಡುವುದು

ಮಾಹಿತಿ ತೆಗೆದುಕೊಂಡು ಹೋಗಿ ತಿರುಗಿ ನೋಡದವರನ್ನು ನಮ್ಮ ಊರುಗಳು ಬೇಕಾದಷ್ಟು ಕಂಡಿವೆ. ಸೆಮಿಸ್ಟರ್ ಮುಗಿಯುವ ಮೊದಲು ಗ್ರಾಮ ಸಭೆಯಲ್ಲಿ, ಇಲ್ಲವೇ ಅರಳಿಕಟ್ಟೆಯಲ್ಲಿ, ಹತ್ತು ನಿಮಿಷ ಕೇಳಿಕೊಂಡು ಮಕ್ಕಳೇ ಹೇಳಲಿ: ಕೆರೆಯ ದಾಖಲೆ ಹೀಗಿದೆ, ನೀರಿನ ವರದಿ ಹೀಗಿದೆ, ಮುಂದೆ ಈ ಅರ್ಜಿ ಹಾಕಬಹುದು, ಹಾಕುವುದು ಬಿಡುವುದು ನಿಮ್ಮದು. ಕೊನೆಯ ಮಾತು ಮುಖ್ಯ. ಕೆರೆ ಊರಿನದು, ತೀರ್ಮಾನವೂ ಊರಿನದು. ಯಾರಿಗಾದರೂ ಉಚಿತ ಕಾನೂನು ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಾಲೇಜಿನ ಕಾನೂನು ನೆರವು ಘಟಕದ ಮೂಲಕವೇ ಕಳಿಸಿಕೊಡಿ.

ಅಂಕ ಕೊಡುವಾಗ ದಪ್ಪ ಪ್ರಾಜೆಕ್ಟ್ ರಿಪೋರ್ಟ್ ಕೇಳಬೇಡಿ. ಪಹಣಿ ಟಿಪ್ಪಣಿ ಎರಡು ಪುಟ, ಮಾಹಿತಿ ಹಕ್ಕಿನ ಅರ್ಜಿಯ ಮೊದಲ ಮತ್ತು ಕೊನೆಯ ಕರಡು, ಗುತ್ತಿಗೆಯ ಒಂದು ಷರತ್ತು, ಊರಿನವರಿಗೆ ಬರೆದ ಒಂದು ಪುಟದ ಪತ್ರ. ಇಷ್ಟು ಸಾಕು. ಗೂಗಲ್‌ನಿಂದ ನಕಲು ಮಾಡಲು ಇದರಲ್ಲಿ ಏನೂ ಸಿಗುವುದಿಲ್ಲ.

ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿ. ಮೇಲಿನ ಹಾಳೆಯಲ್ಲಿ ಬಾಕಿ ಇರುವ ಉತ್ತರಗಳು ಮತ್ತು ಮೇಲ್ಮನವಿಯ ಕೊನೆಯ ತಾರೀಖುಗಳು ಇರಲಿ. ಅರ್ಜಿ ಹಾಕಿದ ವಿದ್ಯಾರ್ಥಿಗಳ ಫೋನ್ ನಂಬರ್ ಕಾಲೇಜಿನಲ್ಲಿರಲಿ, ಯಾಕೆಂದರೆ ಮೇಲ್ಮನವಿಗೆ ಅವರದೇ ಸಹಿ ಬೇಕು. ಖಾಸಗಿ ಹೆಸರುಗಳನ್ನು ತೆಗೆದ ಇನ್ನೊಂದು ಪ್ರತಿಯನ್ನು ಆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ಬ್ಯಾಚ್ ಹೊಸ ಕೆರೆ ಹುಡುಕುವುದು ಬೇಡ. ಇದೇ ಫೈಲ್ ತೆರೆದು, ಬಾಕಿ ತಾರೀಖುಗಳಿಂದ ಶುರು ಮಾಡಲಿ.